ಗುಡ್ಡದವರು ಅನರ್ಹರು

ಕರಿಗುಡ್ಡದ ಸುತ್ತ ಕೆಂಪು-ಬಿಳಿ ಪಟ್ಟಿ ಬಿಗಿದ ದಿನ, ಚೊಂಬು ಹಿಡಿದು ಹೋದ ಕೇರಿಯ ಹೆಂಗಸರು ಹೋದ ಹಾಗೆಯೇ ವಾಪಸ್ಸು ಬಂದರು.

ಬೆಳಗು ಪೂರ್ತಿ ಹರಿದಿರಲಿಲ್ಲ. ಗುಡ್ಡದ ಬುಡದಲ್ಲಿ ಅವರನ್ನು ತಡೆದವನು ಸಾವಕಾರ ನಿಜಗುಣಪ್ಪನ ತೋಟದ ಕಾವಲುಗಾರ. ಕೈಯಲ್ಲಿ ಬಡಿಗೆ, ಕೊರಳಲ್ಲಿ ಹೊಸ ಸೀಟಿ.

"ಸ್ಪರ್ಧಾ ಮುಗಿಯೂತನಕ ಈ ಪಟ್ಟಿ ಯಾರೂ ದಾಟೂ ಹಂಗಿಲ್ಲ. ಹುಲ್ಲಿಗೂ ಇಲ್ಲ, ಕಟಗಿಗೂ ಇಲ್ಲ, ಇದಕ್ಕೂ ಇಲ್ಲ" ಎಂದು ಬಡಿಗೆಯ ತುದಿಯಿಂದ ಚೊಂಬು ತೋರಿಸಿದ.

"ಮತ್ತ ನಾವು ಎಲ್ಲಿಗೆ ಹೋಗೂಣಪಾ?" ಬಾಯವ್ವ ಕೇಳಿದಳು. ಕೇರಿಯ ಹಿರಿಯಳು ಅವಳು. ಮಂಡಿ ಎರಡೂ ಹೋಗಿದ್ದವು, ಬಾಯಿ ಹೋಗಿರಲಿಲ್ಲ.

"ರೋಡಿನ ಬಾಜೂಕ ಹೋಗ್ರಿ. ನನ್ನ ಯಾಕ ಕೇಳ್ತೀರಿ?"

ಹೋದರು. ಬೇರೆ ದಾರಿ ಇರಲಿಲ್ಲ. ಸರಕಾರ ಕಟ್ಟಿಸಿಕೊಟ್ಟ ಸಂಡಾಸುಗಳಿಗೆ ನೀರೇ ಬಂದಿಲ್ಲ, ಅವುಗಳಲ್ಲಿ ಕುಳ್ಳು ಒಟ್ಟಿದ್ದಾರೆ. ರಾಮದುರ್ಗದಿಂದ ತೊರಗಲ್ ಕಡೆ ಹೋಗುವ ರಸ್ತೆ ಅದು. ಹಾಲಿನ ಗಾಡಿ ಬಂತು, ಎದ್ದು ನಿಂತರು. ಹೋಯಿತು, ಕುಂತರು. ಕಬ್ಬಿನ ಟ್ರ್ಯಾಕ್ಟರ್ ಬಂತು, ಮತ್ತೆ ಎದ್ದರು. ಬಾಯವ್ವ ಏಳುವಾಗೆಲ್ಲ ಮೊಮ್ಮಗಳು ಕೆಂಪವ್ವ ಅವಳ ರಟ್ಟೆ ಹಿಡಿದು ಎತ್ತಿದಳು. ಟ್ರ್ಯಾಕ್ಟರಿನ ಹುಡುಗರು ಬೇಕೆಂದೇ ಲೈಟು ಹಾಕಿ, ನಿಧಾನ ಮಾಡಿ, ಸಿಳ್ಳು ಹೊಡೆದು ಹೋದರು.

ಕೆಂಪವ್ವನ ಮೈಯೆಲ್ಲ ಉರಿದುಹೋಯಿತು. ಸಿಟ್ಟಿನ ಜೊತೆಗೆ ನಾಚಿಕೆಯೂ ಆಯಿತು. ಯಾಕೆಂದರೆ ಆ ಸ್ಪರ್ಧೆಯಲ್ಲಿ ಓಡುವವರಲ್ಲಿ ಅವಳೂ ಒಬ್ಬಳು.

ಆಟದ ಹೆಸರು ಓರಿಯೆಂಟಿಯರಿಂಗ್. ಕೇರಿಯವರ ನಾಲಿಗೆಗೆ ಅದು ನಿಲುಕಲಿಲ್ಲ, ನಕಾಶಿ ಓಟ ಎಂದು ಕರೆದು ಮುಗಿಸಿದರು. ಗುಡ್ಡವೋ ಬಯಲೋ ಎಲ್ಲೆಲ್ಲೋ ಬಾವುಟ ಬಚ್ಚಿಟ್ಟಿರುತ್ತಾರೆ. ಓಟ ಶುರುವಾಗುವಾಗ ಕೈಗೊಂದು ನಕಾಶೆ ಕೊಡುತ್ತಾರೆ, ಜೊತೆಗೆ ದಿಕ್ಸೂಚಿ. ದಾರಿ ನೀನೇ ನೋಡಿಕೊಳ್ಳಬೇಕು. ಬಾವುಟವನ್ನೆಲ್ಲ ಸಾಲಾಗಿ ಮುಟ್ಟಿ ಮೊದಲು ಬಂದವರು ಗೆದ್ದರು. ಅಷ್ಟೇ. ರಾಮದುರ್ಗದ ಕಾಲೇಜಿನಲ್ಲಿ ಅವಳಿಗೆ ಇದನ್ನು ಹಚ್ಚಿದವರು ಆಟದ ಮೇಡಂ ಶರ್ವರಿ. ಬೈಲಹೊಂಗಲದವರು, ಒಳ್ಳೆಯವರು, ಅಂಜುವವರು. ಹುಲ್ಲಿನ ಹೊರೆ ಹೊತ್ತು ಗುಡ್ಡ ಇಳಿದವಳಿಗೆ ಬರಿಗೈಯಲ್ಲಿ ಓಡುವುದೆಂದರೆ ಹಬ್ಬ. ನೇಸರಗಿಯ ಬೀಳು ಹೊಲದಲ್ಲಿ ಓಡಿ ಗೆದ್ದಳು. ಕಿತ್ತೂರಿನ ಕಡೆಯ ಕುರುಚಲು ಕಾಡಿನಲ್ಲಿ ಓಡಿ ಗೆದ್ದಳು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ತಾಲೂಕು ಸೇರಿಸಿ ಚಾಂಪಿಯನ್‌ಶಿಪ್ ಮಾಡುತ್ತಾರೆಂದೂ, ಅಲ್ಲಿ ಗೆದ್ದ ಹುಡುಗಿಗೆ ವ್ಯಾಯಾಮ ಶಿಕ್ಷಣ ಕಾಲೇಜಿನಲ್ಲಿ ಕ್ರೀಡಾ ಸೀಟು, ಹಾಸ್ಟೆಲ್ಲು, ಊಟ ಎಲ್ಲ ಸಿಗುತ್ತದೆಂದೂ ಮೇಡಂ ಹೇಳಿದಾಗ, ಕೆಂಪವ್ವ ಕೇಳಿದ್ದು ಒಂದೇ ಮಾತು. "ಅಲ್ಲಿ ಸೇರಿದ್ರ ನಾ ಮತ್ತ ಕಬ್ಬ ಕಡ್ಯಾಕ ಬರೂ ಕೆಲಸ ಇಲ್ಲಲ್ರಿ?"

"ಇಲ್ಲವಾ. ನಿನ್ನ ಹಂಗ ನಾಕ ಹುಡುಗ್ಯಾರಿಗೆ ಕಲಸೂ ಮೇಡಂ ಆಗ್ತೀ."

ಅದನ್ನು ಅವಳು ಮನಸ್ಸಿನೊಳಗೆ ಎಷ್ಟು ಸಲ ಹೇಳಿಕೊಂಡಿದ್ದಾಳೋ. ಸ್ಪರ್ಧೆ ತಮ್ಮ ಕರಿಗುಡ್ಡದಲ್ಲೇ ನಡೆಯುತ್ತದೆ ಎಂದು ತಿಳಿದಾಗಂತೂ ಕೇರಿಗೆ ಕೇರಿಯೇ ಕುಣಿದಿತ್ತು. ಪಟ್ಟಿ ಕಟ್ಟುವ ಮೊದಲು, ಸ್ಪರ್ಧೆಯ ಉಸ್ತುವಾರಿ ಹೊತ್ತಿದ್ದ ನಿಜಗುಣಪ್ಪನ ಮನೆಯಿಂದ ಕರೆ ಬಂದು, ಹೆಂಗಸರೆಲ್ಲ ಹೋಗಿ ಗುಡ್ಡದ ಬುಡದ ಜಾಲಿ ಕಡಿದು ಕಾರು ನಿಲ್ಲಿಸಲು ಜಾಗ ಮಾಡಿದರು. ಕೆಂಪವ್ವನೂ ಹೋಗಿದ್ದಳು. ಬಲ ಅಂಗೈಗೆ ಮುಳ್ಳು ನಟ್ಟು ಕೀವಾಗಿತ್ತು. ಎಡಗೈಯಲ್ಲಿ ನಕಾಶೆ ಹಿಡಿಯುವುದನ್ನು ಆ ದಿನಗಳಲ್ಲೇ ರೂಢಿ ಮಾಡಿಕೊಂಡಳು.

ಪಟ್ಟಿ ಬಿಗಿದ ಮಾರನೆಯ ದಿನ ಶರ್ವರಿ ಮೇಡಂ ಫೋನು ಮಾಡಿದರು. ಧ್ವನಿ ಸರಿಯಿರಲಿಲ್ಲ.

"ಅರ್ಹತಾ ಸಮಿತಿಯವರು ನಿನ್ನ ಕರದಾರ. ನಿಜಗುಣಪ್ಪನವರ ತೋಟದ ಮನಿಗೆ. ಸಂಜಿಕ ಬಾ. ನಾನೂ ಬರತೇನಿ."

ತೋಟದ ಮನೆಯ ಪಡಸಾಲೆಯಲ್ಲಿ ಕುರ್ಚಿಗಳಿದ್ದವು. ಕುಂತವರೂ ಇದ್ದರು. ಎಲ್ಲರ ಕೈಗೂ ಸ್ಟೀಲಿನ ಲೋಟದಲ್ಲಿ ಚಹಾ ಬಂತು, ಕೆಂಪವ್ವನಿಗೆ ಕಾಗದದ ಕಪ್ಪಿನಲ್ಲಿ. ಅವಳು ಅದನ್ನು ಕುಡಿಯದೆ ಹಿಡಿದುಕೊಂಡೇ ನಿಂತಳು. ಕುಂದರು ಎಂದು ಯಾರೂ ಅನ್ನಲಿಲ್ಲ. ಶರ್ವರಿ ಮೇಡಂ ತಮ್ಮ ಪಕ್ಕದ ಕುರ್ಚಿಯನ್ನೊಮ್ಮೆ ನೋಡಿದರು, ಅದರ ಮೇಲಿದ್ದ ತಮ್ಮ ಚೀಲವನ್ನು ಎತ್ತಲಿಲ್ಲ.

ಮಾತಾಡಿದವರು ರಘೋತ್ತಮರಾಯರು. ಸವದತ್ತಿಯವರು, ಭೂಮಾಪನದ ಕೆಲಸದಿಂದ ನಿವೃತ್ತರಾದವರು, ಅರ್ಹತಾ ಸಮಿತಿಯ ಕಾರ್ಯದರ್ಶಿ. ಕರಿಗುಡ್ಡದ ನಕಾಶೆ ಮಾಡಿದವರೂ ಅವರೇ. ತಲೆಗೊಂದು ಬಟ್ಟೆಯ ಟೊಪ್ಪಿಗೆ ಹಾಕಿಕೊಂಡು ವರ್ಷವೆಲ್ಲ ಗುಡ್ಡ ಅಳೆದಿದ್ದರು. ಎತ್ತರದ ದನಿಯಲ್ಲಿ ಮಾತಾಡುವ ಮನುಷ್ಯನಲ್ಲ.

"ನೋಡು ತಂಗಿ, ಇದು ನಾ ಮಾಡಿದ ನಿಯಮ ಅಲ್ಲ. ಜಗತ್ತಿನಾಗ ಎಲ್ಲೆ ಈ ಆಟ ಆಡಿದರೂ ಇದ ನಿಯಮ ಅದ. ಸ್ಪರ್ಧಾ ನಡಿಯೋ ಜಾಗಾ ಮೊದಲ ಗೊತ್ತಿದ್ದವರು ಓಡೋ ಹಂಗಿಲ್ಲ. ಉಳಿದವರಿಗೆ ಅನ್ಯಾಯ ಆಗ್ತದ. ನೀ ಇದ ಗುಡ್ಡದ ಬುಡಕ ಇರೋಕಿ. ಮೊನ್ನೆ ಅಲ್ಲೆ ಜಾಲಿನೂ ಕಡಿದೀ ಅಂತ."

"ನೀವ ಕಡ್ಯಾಕ ಕರದಿದ್ರಿ."

"ಕರದವರು ನಾವ ಇರಬಹುದು. ಹೋದವರು ನೀವಲ್ಲಾ?"

ಯಾರೋ ನಕ್ಕರು. ರಾಯರು ನಗಲಿಲ್ಲ. ಅವರಿಗೆ ಅದರಲ್ಲಿ ನಗುವಂಥದ್ದು ಕಂಡಿರಲಿಲ್ಲ, ನಿಯಮ ಕಂಡಿತ್ತು. ಅದೇ ಕೆಂಪವ್ವನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಬೈಯುವವನಿಗೆ ತಿರುಗಿ ಬೈಯಬಹುದು. ಇಂಥವರಿಗೆ ಏನು ಮಾಡುವುದು?

"ರಾಜೇಶ್ವರಿ ಓಡ್ತಾಳಲ್ರಿ?" ಎಂದಳು. ರಾಜೇಶ್ವರಿ ನಿಜಗುಣಪ್ಪನ ಮಗಳು. ನೇಸರಗಿಯಲ್ಲಿ ಕೆಂಪವ್ವನ ಹಿಂದೆ ಎರಡನೆಯವಳಾಗಿ ಬಂದವಳು. "ಅವರ ಬೋರಿನ ಶೆಡ್ಡು ಪಟ್ಟಿ ಒಳಗ ಐತಿ. ಸೂಟಿ ಬಂದಾಗೆಲ್ಲ ಆಕಿ ಗುಡ್ಡದ ಮ್ಯಾಗ ಫೋಟೋ ಹೊಡಕೊಂತ ತಿರಗ್ತಾಳ. ನಾನ ನೋಡೇನಿ."

"ಆಕಿ ಬೆಳಗಾವಿ ಹಾಸ್ಟೆಲ್‌ನ್ಯಾಗ ಇರ್ತಾಳ. ಆಕಿ ವಾಸ ಇಲ್ಲೆ ಅಲ್ಲ."

"ಹಂಗಾರ ಹಾಸ್ಟೆಲ್ ಸಿಗೂತನಾ ನಾನು ಓಡೂ ಹಂಗಿಲ್ಲ, ಓಡೂತನಾ ಹಾಸ್ಟೆಲ್ ಸಿಗೂದಿಲ್ಲ. ಹೌದಿಲ್ರಿ?"

ಆ ಹೊತ್ತಿಗೆ ಒಳಗಿನ ಬಾಗಿಲಿನಿಂದ ನಿಜಗುಣಪ್ಪ ಬಂದ. ಹೊಸದಾಗಿ ತೊಳೆದ ಬಿಳಿ ಬಟ್ಟೆ, ಹಣೆಯ ಮೇಲೆ ವಿಭೂತಿ, ಮುಖದ ಮೇಲೆ ನಗು. ಅವನು ಸಿಟ್ಟಾದದ್ದನ್ನು ಕೇರಿಯಲ್ಲಿ ಯಾರೂ ನೋಡಿಲ್ಲ. ಅವನ ಪರವಾಗಿ ಸಿಟ್ಟಾಗುವವರು ಬೇಕಾದಷ್ಟು ಇದ್ದರು.

"ಏ ರಾಯರ, ಏನ ಅಷ್ಟ ಬಿಗಿ ಮಾಡ್ತೀರಿ? ನಮ್ಮೂರ ಹುಡುಗಿ. ಓಡ್ಲಿ ಬಿಡ್ರಿ" ಎಂದ. ಕೆಂಪವ್ವನಿಗೆ ನಂಬಿಕೆ ಬರಲಿಲ್ಲ. "ಆಕಿಗೆ ಗುಡ್ಡ ಗೊತ್ತಿಲ್ಲ ಅಂದ್ರ ತೊಡಕು ಬಗಿಹರೀತು, ಹೌದಿಲ್ಲ? ಆಕಿ ತಾನ ಹೇಳ್ಲಿ. ಮೇಡಂ ಅವರ ಫೋನಿನ್ಯಾಗ ವಿಡಿಯೋ ಮಾಡ್ಕೊಳ್ಳಲಿ. ನಾಳೆ ಯಾರರ ತಕರಾರ ತಗದ್ರ ನಮ್ಮ ಕೈಯಾಗ ಒಂದ ದಾಖಲಿ ಇರಬೇಕು."

"ಏನಂತ ಹೇಳಬೇಕ್ರಿ?"

ನಿಜಗುಣಪ್ಪ ಮೊದಲೇ ಬಾಯಿಪಾಠ ಮಾಡಿಟ್ಟುಕೊಂಡವನಂತೆ ಹೇಳಿದ. "ನಾನು ಈ ಕೇರಿಯಾಕಿ. ನಾನು, ನಮ್ಮ ಮಂದಿ, ಯಾರೂ ಕರಿಗುಡ್ಡಕ್ಕ ಎಂದೂ ಹೋದವರಲ್ಲ. ಅಲ್ಲಿ ನಮ್ಮದು ಅನ್ನೂದು ಏನೂ ಇಲ್ಲ. ಇಷ್ಟ ಅನ್ನು. ನಾಳೆ ಸಂಜಿಕ ಎಲ್ಲಾರೂ ಇರ್ತಾರ, ಅವರ ಮುಂದ ಅನ್ನು. ಮುಗೀತು."

ಕೈಯಲ್ಲಿದ್ದ ಚಹಾ ಆರಿಹೋಗಿತ್ತು. ಕೆಂಪವ್ವನಿಗೆ ಈಗ ಅರ್ಥವಾಯಿತು. ಕರಿಗುಡ್ಡದ ನೆತ್ತಿಯ ಮೇಲೆ ನಿಜಗುಣಪ್ಪ ಪ್ರವಾಸಿಗರಿಗೆ ರೆಸಾರ್ಟು ಕಟ್ಟುವವನಿದ್ದ. ಕೇರಿಯವರು ತಾಲೂಕು ಕಚೇರಿಗೆ ಹೋಗಿ, ಅದು ನಮ್ಮ ಹೆಣ ಹುಗಿಯುವ ಜಾಗ, ಕೊಡಬೇಡಿ ಎಂದು ಅತ್ತು ಬಂದಿದ್ದರು. ಅದಕ್ಕೆ ಪುರಾವೆ ಏನು ಎಂದು ಸಾಹೇಬರು ಕೇಳಿದ್ದರು. ಬಡವರ ಗೋರಿಗೆ ಎಲ್ಲಿಯ ಪುರಾವೆ? ಹೆಸರು ಕೆತ್ತಿಸಿದ ಕಲ್ಲೇ? ಈಗ ಕೇರಿಯ ಹುಡುಗಿಯ ಬಾಯಿಂದಲೇ ಇಲ್ಲ ಅನ್ನಿಸಿಬಿಟ್ಟರೆ ಆ ಕೂಗು ಅಲ್ಲಿಗೇ ಸತ್ತಂತೆ.

ಹೊರಗೆ ಶರ್ವರಿ ಮೇಡಂ ಅವಳ ಭುಜದ ಮೇಲೆ ಕೈಯಿಟ್ಟರು. "ಅಂದುಬಿಡು ಕೆಂಪವ್ವ. ಮಾತಷ್ಟ. ಒಂದ ನಿಮಿಷದ ಮಾತಿಗೆ ಜನ್ಮ ಹಾಳ ಮಾಡ್ಕೋಬ್ಯಾಡ. ನೀ ಓಡಿದ್ರ ಗೆಲ್ಲತೀ, ನನಗ ಗೊತ್ತದ."

"ನನಗೂ ಗೊತ್ತೈತ್ರಿ" ಎಂದಳು ಕೆಂಪವ್ವ.

ಮನೆಗೆ ಬಂದು ಬಾಯವ್ವನಿಗೆ ಎಲ್ಲ ಹೇಳಿದಳು. ಮುದುಕಿ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಹೇಳಿ ಮುಗಿಸಿದ ಮೇಲೆ ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ಆಮೇಲೆ ಬಾಯಿ ಬಿಟ್ಟಳು.

"ಅಂದುಬಿಡು."

"ಆಯಿ?"

"ಅಂದುಬಿಡು ಅಂದೆ. ಸತ್ತೋರಿಗೆ ಏನ ತಿಳಿತೈತಿ? ನಿಮ್ಮವ್ವ ಇದ್ದಿದ್ರ ಆಕಿನೂ ಇದನ್ನ ಅಂತಿದ್ಲು. ನೀ ಇಲ್ಲಿಂದ ಹೋಗು. ನನ್ನ ಮಂಡಿ ನೋಡು. ನಿನ್ನವು ಹಿಂಗ ಆಗೂದು ಬ್ಯಾಡ."

ಕೆಂಪವ್ವ ಅಳಲಿಲ್ಲ. ಪಾಲಿಗೆ ಬಂದ ರೊಟ್ಟಿಯನ್ನು ತಿರುಗಿ ಬುಟ್ಟಿಗಿಟ್ಟಳು.

ಅವಳ ಅವ್ವ ಇಂದ್ರವ್ವ. ಕಬ್ಬಿನ ಟ್ರೇಲರ್ ಮಗುಚಿ ಅದರಡಿ ಸಿಕ್ಕು ಸತ್ತವಳು. ಆಗ ಕೆಂಪವ್ವ ಇನ್ನೂ ಶಾಲೆಗೆ ಹಾಕದ ಮಗು. ಕರಿಗುಡ್ಡದಲ್ಲಿ ಮೊಳಕಾಲುದ್ದ ಅಗೆದರೆ ಬಂಡೆ ಬರುತ್ತದೆ. ಒಳ್ಳೆಯ ಮಣ್ಣಿನ ಜಾಗವೆಲ್ಲ ಊರವರದು, ಕೇರಿಯ ಹೆಣಕ್ಕೆ ಉಳಿದದ್ದು ಈ ಕಲ್ಲು. ಆಳ ಹುಗಿಯಲು ಬರುವುದಿಲ್ಲ, ಹಾಗೇ ಬಿಟ್ಟರೆ ನಾಯಿ-ನರಿ ಎಳೆಯುತ್ತವೆ. ಅದಕ್ಕೆ ಕೇರಿಯಲ್ಲೊಂದು ಕಟ್ಟಳೆ. ಮಣ್ಣಿಗೆ ಬರುವವರು ಯಾರೂ ಬರಿಗೈಯಲ್ಲಿ ಬರುವಂತಿಲ್ಲ. ಕೆಳಗಿನ ಹಳ್ಳದಿಂದ ಒಂದೊಂದು ಕಲ್ಲು ಹೊತ್ತು ತರಬೇಕು, ಹೆಣದ ಮೇಲೆ ಒಟ್ಟಬೇಕು. ಸತ್ತವರು ಎಷ್ಟು ಜನಕ್ಕೆ ಬೇಕಾದವರಾಗಿದ್ದರೋ ಗುಂಪೆ ಅಷ್ಟು ಎತ್ತರ. ಇಂದ್ರವ್ವನ ಗುಂಪೆ ದೊಡ್ಡದು. ಅದರಲ್ಲೊಂದು ಕಲ್ಲು ಕೆಂಪವ್ವ ಎದೆಗವಚಿಕೊಂಡು ಹೊತ್ತು ತಂದದ್ದು.

ಮರುದಿನ ನಸುಕಿಗೆ ಅವಳು ಹಳ್ಳದ ಕಡೆಯಿಂದ ಬಗ್ಗಿ ಪಟ್ಟಿ ದಾಟಿದಳು. ಇಲ್ಲ ಎಂದು ಹೇಳುವುದೇ ಆದರೆ, ಹೇಳುವ ಮೊದಲು ಒಮ್ಮೆ ಅವ್ವನನ್ನು ನೋಡಿ ಬರಬೇಕು ಅನ್ನಿಸಿತ್ತು. ಅಷ್ಟೇ ಇದ್ದದ್ದು ಅವಳ ಮನಸ್ಸಿನಲ್ಲಿ.

ಗುಡ್ಡದ ಮೇಲೆ ಹಕ್ಕಿಯ ಸದ್ದೂ ಇರಲಿಲ್ಲ. ಕುರಿ ಇಲ್ಲ, ಕಟ್ಟಿಗೆ ಕಡಿಯುವ ಸಪ್ಪಳ ಇಲ್ಲ. ಜನ ಓಡಾಡಿ ಸವೆದ ದಾರಿ ಆಗಲೇ ಬೇರೆ ಯಾರದೋ ದಾರಿಯಂತೆ ಕಂಡಿತು. ಗೋರಿಗಳ ಹತ್ತಿರ ಬಂದಾಗ ಅವಳ ಕಾಲು ನಿಂತುಹೋಯಿತು.

ಗುಂಪೆಗಳಿಗೆ ಕೆಂಪು ಪಟ್ಟಿಯ ತುಂಡು ಕಟ್ಟಿದ್ದರು. ಬಾವುಟ ನೆಡುವ ಜಾಗದ ಗುರುತು ಅವು, ಅವಳಿಗೆ ಗೊತ್ತಿತ್ತು. ಇಂಥ ಗುರುತನ್ನು ಹುಡುಕಿ ಹುಡುಕಿಯೇ ಅಲ್ಲವೇ ಅವಳು ಎಲ್ಲ ಕಡೆ ಗೆದ್ದು ಬಂದದ್ದು. ಒಂದು ಗುಂಪೆಯ ಮೇಲಿನ ಕಲ್ಲು ಕೆಡವಿ ಕಬ್ಬಿಣದ ಸಳಿ ಇಳಿಸಿದ್ದರು. ಸಳಿ ಅಲುಗಾಡದಿರಲೆಂದು ಪಕ್ಕದ ಎಳೆ ಮಗುವಿನ ಗೋರಿಯ ಕಲ್ಲುಗಳನ್ನು ತೆಗೆದು ಬುಡಕ್ಕೆ ಬಿಗಿದಿದ್ದರು. ಆ ಮಗುವಿನ ತಾಯಿ ನಿನ್ನೆ ರಸ್ತೆಯ ಬದಿಗೆ ಅವಳ ಪಕ್ಕದಲ್ಲೇ ಎದ್ದು ಕುಂತು ಮಾಡಿದ್ದಳು. ಅದರಾಚೆ ಇನ್ನೊಂದು ಇತ್ತು. ಸುಣ್ಣದ ಪುಡಿಯಲ್ಲಿ ಎಳೆದ ಎರಡು ಬಿಳಿ ಗೆರೆ, ಗಾಡಿ ಹೋಗುವಷ್ಟು ಅಗಲ, ಗುಡ್ಡದ ಬುಡದಿಂದ ನೆತ್ತಿಯವರೆಗೆ. ಅವು ಓಟಕ್ಕಲ್ಲ, ರೆಸಾರ್ಟಿನ ರಸ್ತೆಗೆ. ಗೋರಿಗಳ ನಡುವೆಯೇ ಹಾದು ಹೋಗಿದ್ದವು. ಇಂದ್ರವ್ವನ ಗುಂಪೆ ಎರಡು ಗೆರೆಯ ನಡುವೆ ಇತ್ತು.

ಅವಳು ಅದರ ಪಕ್ಕ ಕುಂತಳು. ಕಲ್ಲಿನ ಮೇಲೆ ಕೈಯಿಟ್ಟಳು. ತಣ್ಣಗಿತ್ತು.

ಬೀಡಿಯ ವಾಸನೆ ಬಂದು ತಿರುಗಿ ನೋಡಿದರೆ ಕಾವಲುಗಾರ ಬಂಡೆಯ ಮೇಲೆ ಕುಂತಿದ್ದ. ಎಷ್ಟು ಹೊತ್ತಿನಿಂದಲೋ. ಸೀಟಿ ಊದಲಿಲ್ಲ, ಬೈಯಲಿಲ್ಲ. ಫೋನು ಎತ್ತಿ ಅವಳ ಫೋಟೋ ಹೊಡೆದುಕೊಂಡ. ಮತ್ತೊಂದು ಹೊಡೆದುಕೊಂಡ.

"ಹೋಗು" ಎಂದ. "ಸಂಜಿಕ ಸಾವಕಾರ್ರು ಹೇಳಿದಂಗ ಹೇಳು. ಇದನ್ನ ಅಳಿಸಿ ಬಿಡ್ತೇನಿ. ಇಲ್ಲಾಂದ್ರ ಪೊಲೀಸ ಕೇಸ್ ಆಕ್ಕೈತಿ. ಬಾವುಟ ಕಳವು ಮಾಡಾಕ ಬಂದಿದ್ಲು ಅಂತ."

ಇಡೀ ದಿನ ಅವಳು ಅದನ್ನೇ ಲೆಕ್ಕ ಹಾಕಿದಳು. ಎಲ್ಲ ಎಷ್ಟು ಸಲೀಸಾಗಿ ಕಟ್ಟಿಟ್ಟಿದ್ದಾರೆ. ಒಂದು ಸುಳ್ಳು ಹೇಳಿದರೆ ಸೀಟು, ಹಾಸ್ಟೆಲ್ಲು, ಊಟ. ಫೋಟೋ ಇಲ್ಲವಾಗುತ್ತದೆ, ಮಂಡಿ ಉಳಿಯುತ್ತದೆ. ನಿಜ ಹೇಳಿದರೆ ಸೀಟಿಲ್ಲ, ಮೇಲೆ ಕಳವಿನ ಕೇಸು. ಅವಳಿಗೆ ಸೀಟು ಬೇಕಿತ್ತು. ಇದನ್ನು ಮುಚ್ಚಿಡುವುದೇಕೆ? ಹಸಿದವನಿಗೆ ಅನ್ನ ಬೇಕಾದಷ್ಟು ಬೇಕಿತ್ತು. ಸಂಜೆ ತೋಟದ ಮನೆಯ ಮೆಟ್ಟಿಲು ಹತ್ತುವವರೆಗೂ ತಾನು ಏನು ಹೇಳುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ.

ಪಡಸಾಲೆ ತುಂಬಿತ್ತು. ನಾಲ್ಕೂ ತಾಲೂಕಿನವರು ಬಂದಿದ್ದರು. ಮೂಲೆಯಲ್ಲಿ ರಾಜೇಶ್ವರಿ ಹೊಸ ಓಟದ ಬೂಟು ಹಾಕಿಕೊಂಡು ಕುಂತಿದ್ದಳು, ತಲೆ ಎತ್ತಲಿಲ್ಲ. ಈ ಸಲ ನಿಜಗುಣಪ್ಪ ತಾನೇ ಕೆಂಪವ್ವನಿಗೊಂದು ಕುರ್ಚಿ ಎಳೆದು ಹಾಕಿದ. ಕಾವಲುಗಾರ ಬಾಗಿಲ ಹತ್ತಿರ ನಿಂತು ಫೋನು ಅಂಗಿಯ ಜೇಬಿಗೆ ಇಳಿಸಿಕೊಂಡ.

"ಕುಂದರವಾ. ಅಂಜಬ್ಯಾಡ. ಮೇಡಂ, ಚಾಲೂ ಮಾಡ್ರಿ."

ಶರ್ವರಿ ಮೇಡಂ ಫೋನು ಎತ್ತಿ ಹಿಡಿದರು. ಕೆಂಪವ್ವ ಕುರ್ಚಿಯ ಮೇಲೆ ಕುಂದರಲಿಲ್ಲ.

"ನಾನು ಈ ಕೇರಿಯಾಕಿ" ಎಂದಳು. ನಿಜಗುಣಪ್ಪ ಹೌದೆಂದು ತಲೆಯಾಡಿಸಿದ. "ನಮ್ಮವ್ವ ಇಂದ್ರವ್ವ. ಕರಿಗುಡ್ಡದಾಗ ಅದಾಳ. ನಮ್ಮಜ್ಜ ಅಲ್ಲೇ ಅದಾನ. ನಮ್ಮ ಮಗ್ಗಲ ಮನಿ ಕೂಸು, ಹೆಸರಿಡೂಕಿಂತ ಮೊದಲ ಸತ್ತಿದ್ದು, ಅದೂ ಅಲ್ಲೇ ಐತಿ. ಅದರ ಮ್ಯಾಲಿನ ಕಲ್ಲ ತಗದು ನೀವು ಸಳಿ ನೆಟ್ಟೀರಿ. ನಾ ಇವತ್ತ ಮುಂಜಾನೆ ಹೋಗಿ ನೋಡಿ ಬಂದೇನಿ. ಫೋಟೋ ಬೇಕಂದ್ರ ಆ ಬಾಗಲಾಗ ನಿಂತಾನಲ್ಲ, ಅವನ ಕಿಸೇದಾಗ ಅದಾವು."

"ಬಂದ್ ಮಾಡ್ರಿ ಅದನ್ನ" ಎಂದ ನಿಜಗುಣಪ್ಪ. ನಗು ಇನ್ನೂ ಮುಖದ ಮೇಲೆಯೇ ಇತ್ತು.

ಮೇಡಂ ಬಂದ್ ಮಾಡಲಿಲ್ಲ. ಬಂದ್ ಮಾಡಬಾರದೆಂದು ಗಟ್ಟಿ ಮನಸ್ಸು ಮಾಡಿದರೋ, ಕೈಗೆ ಕಸುವೇ ಉಳಿಯಲಿಲ್ಲವೋ, ಕೆಂಪವ್ವನಿಗೆ ತಿಳಿಯಲಿಲ್ಲ. ಅವಳು ರಘೋತ್ತಮರಾಯರ ಕಡೆ ತಿರುಗಿದಳು.

"ರಾಯರ, ಆ ಕಲ್ಲಗುಂಪಿಗೆ ನಕಾಶಿದಾಗ ಏನಂತ ಬರದೀರಿ?"

ರಾಯರು ಟೊಪ್ಪಿಗೆ ಸರಿಮಾಡಿಕೊಂಡರು. "ಕಲ್ಲಿನ ಗುಂಪಿ. ಅಷ್ಟ. ಕುರಿಗಾರರು ಯಾರರ ಒಟ್ಟಿರಬೇಕು ಅಂತ ತಿಳಕೊಂಡೆ. ಬಾವುಟಕ್ಕ ಚಲೋ ಜಾಗಾ ಅನಿಸ್ತು."

"ವರ್ಷಪೂರ್ತಿ ತಿರಗಿದ್ರಿ. ಕೆಳಗ ನಮ್ಮ ಮನಿ ಕಾಣ್ತಿದ್ದೂವು. ಬಂದು ಒಂದ ಮಾತ ಕೇಳಲಿಲ್ಲ."

ರಾಯರು ಬೇಕೆಂದು ಮಾಡಿರಲಿಲ್ಲ. ಕೇಳಬೇಕಾದವರು ಅಲ್ಲಿ ಇದ್ದಾರೆ ಎನ್ನುವುದೇ ಅವರಿಗೆ ಹೊಳೆದಿರಲಿಲ್ಲ. ಗುಡ್ಡದ ಪ್ರತಿ ಬಂಡೆಯನ್ನೂ ನೋಡಿದ ಕಣ್ಣು ಅದು, ಕೇರಿಯನ್ನು ಮಾತ್ರ ನೋಡಿರಲಿಲ್ಲ. ಬೇಕೆಂದು ಮಾಡಿದವನ ಪಾಪಕ್ಕಿಂತ ಇದೇನು ಸಣ್ಣದೇ?

"ನೀವು ನಿಯಮ ಅಂದ್ರಿ" ಎಂದಳು ಕೆಂಪವ್ವ. "ನಿಯಮ ಬರೋಬರಿ ನಡಸ್ರಿ. ನನ್ನ ಅನರ್ಹ ಮಾಡ್ರಿ."

"ಏನಂದಿ?"

"ಅನರ್ಹ ಮಾಡ್ರಿ. ನಾ ಓಡೂದಿಲ್ಲ. ಆದ್ರ ಯಾಕ ಅನರ್ಹಳು ಅಂತ ಈ ಫೋನಿನ ಮುಂದ ನಿಮ್ಮ ಬಾಯಿಲೆ ಹೇಳ್ರಿ. ಕಾರಣಾ ಹೇಳಲಾರದ ತಗದ್ರ ಅದು ನಿಯಮ ಅಲ್ಲ, ಹೌದಿಲ್ರಿ?"

ನಿಜಗುಣಪ್ಪ ಮೊದಲು ಅರ್ಥ ಮಾಡಿಕೊಂಡ. ಅವನ ನಗು ಆಗ ಹೋಯಿತು. "ರಾಯರ, ಏನೂ ಹೇಳೂದು ಬ್ಯಾಡ. ಸಭಾ ಮುಗೀತು. ಏಳ್ರಿ ಎಲ್ಲಾರೂ."

ಒಬ್ಬಿಬ್ಬರು ಎದ್ದರು. ರಘೋತ್ತಮರಾಯರು ಏಳಲಿಲ್ಲ. ನಿಯಮದ ಹಿಂದೆ ಅಡಗಿ ಕುಂತು ಜೀವನ ಸಾಗಿಸಿದ ಮನುಷ್ಯ. ಈಗ ಆ ನಿಯಮವೇ ಅವರ ಕುತ್ತಿಗೆಗೆ ಬಂದಿತ್ತು. ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು, ಫೋನಿನ ಕಡೆ ನೋಡುತ್ತ, ತಡೆದು ತಡೆದು ಹೇಳಿದರು.

"ನಾನು ಅರ್ಹತಾ ಸಮಿತಿ ಕಾರ್ಯದರ್ಶಿ ರಘೋತ್ತಮ. ಈ ಹುಡುಗಿ ಕೆಂಪವ್ವ ಅನರ್ಹಳು. ಕಾರಣ, ಆಕಿ ಮತ್ತ ಆಕಿ ಕೇರಿ ಮಂದಿ ಕರಿಗುಡ್ಡಕ್ಕ ದಿನಾ ಹೋಗಿ ಬರೋರು. ಹಿಂದಿನಿಂದಲೂ ಹೋಗಿ ಬರೋರು. ಅವರ ಗೋರಿ ಅಲ್ಲೆ ಅವ. ಆ ಗುಡ್ಡ ಅವರಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ. ಇದು ಸಮಿತಿ ನಿರ್ಣಯ."

"ಮೇಡಂ, ಅದನ್ನ ಅಳಸ್ರಿ" ಎಂದ ನಿಜಗುಣಪ್ಪ. ದನಿ ಮೆತ್ತಗೇ ಇತ್ತು. "ನಿಮ್ಮ ನೌಕರಿ ಇನ್ನೂ ಪರ್ಮನೆಂಟ್ ಆಗಿಲ್ಲ ಅಲ್ಲ?"

ಶರ್ವರಿ ಮೇಡಂ ಫೋನನ್ನು ಎದೆಗೆ ಹಿಡಿದುಕೊಂಡು ತಲೆ ತಗ್ಗಿಸಿದರು. ಹೆಬ್ಬೆರಳು ಆಡಿತು. ಕೆಂಪವ್ವನ ಕುಪ್ಪಸದೊಳಗೆ ಅವಳ ಫೋನು ಒಮ್ಮೆ ನಡುಗಿ ಸುಮ್ಮನಾಯಿತು.

"ಅಳಸೇನ್ರಿ" ಎಂದರು ಮೇಡಂ.

ಕೆಂಪವ್ವ ಹೊರಗೆ ಬಂದಳು. ಹಿಂದಿನಿಂದ ನಿಜಗುಣಪ್ಪ ಕೂಗಲಿಲ್ಲ. ಬಾಗಿಲವರೆಗೂ ಬಂದು, ಹುಷಾರಿಲ್ಲದವರನ್ನು ವಿಚಾರಿಸುವ ಹಾಗೆ ಕೇಳಿದ. "ನಿಮ್ಮಾಯಿ ಹೆಂಗದಾಳ? ಆಕಿನ್ನ ಚಂದಂಗ ನೋಡ್ಕೊ. ದಿನಮಾನ ಚಲೋ ಇಲ್ಲ."

ಆ ಮಾತು ದಾರಿಯುದ್ದಕ್ಕೂ ಅವಳ ಜೊತೆ ಬಂತು. ಮನೆಗೆ ಬಂದು ಮೇಡಂ ಕಳಿಸಿದ್ದ ವಿಡಿಯೋ ಹಾಕಿ ತೋರಿಸಿದಾಗ ಬಾಯವ್ವ ಎರಡು ಸಲ ಕೇಳಿದಳು. ಮೊಮ್ಮಗಳನ್ನು ಬೈದಳು, ಮನಸಾರೆ ಬೈದಳು, ಸೀಟು ಕಳೆದುಕೊಂಡ ಹುಚ್ಚಿ ಎಂದಳು. ಬೈಯುತ್ತ ಬೈಯುತ್ತ ಅವಳ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ಆ ವಾರ ಕೇರಿಯವರನ್ನು ಯಾರೂ ಕೂಲಿಗೆ ಕರೆಯಲಿಲ್ಲ. ಕಬ್ಬಿನ ಗ್ಯಾಂಗಿನಿಂದ ಎಲ್ಲರ ಹೆಸರೂ ಹೋಯಿತು. ನಳಕ್ಕೆ ಬರುತ್ತಿದ್ದ ನೀರು ನಿಂತಿತು, ಪೈಪು ಒಡೆದಿದೆ ಅಂದರು. ಹೆಂಗಸರು ಮನೋಳಿ ಕಡೆಗೆಲ್ಲ ಹೋಗಿ ಕೆಲಸ ಕೇಳಿ ಬಂದರು. ಅಷ್ಟು ದೂರಕ್ಕೂ ಸುದ್ದಿ ಅವರಿಗಿಂತ ಮೊದಲೇ ಮುಟ್ಟಿತ್ತು. ಕೆಂಪವ್ವನ ಮೇಲೆ ಕೇರಿಯಲ್ಲೂ ಗೊಣಗಿದವರಿದ್ದರು. ಹೊಟ್ಟೆ ಖಾಲಿಯಿದ್ದಾಗ ಗೊಣಗದೆ ಮತ್ತೇನು ಮಾಡುತ್ತಾರೆ?

ಗೋರಿಯ ಮಾತು ಎದ್ದ ಮೇಲೆ ಚಾಂಪಿಯನ್‌ಶಿಪ್ಪನ್ನು ಸವದತ್ತಿ ಕಡೆಯ ಬೇರೊಂದು ಗುಡ್ಡಕ್ಕೆ ಬದಲಾಯಿಸಿದರು. ಆ ಗುಡ್ಡ ಕೆಂಪವ್ವ ಕಂಡದ್ದಲ್ಲ, ನಿಯಮದ ಪ್ರಕಾರ ಅಲ್ಲಿ ಅವಳು ಓಡಬಹುದಿತ್ತು. ಆದರೆ ಅನರ್ಹ ಎಂದವರು ಅನರ್ಹರೇ, ನಿರ್ಣಯ ಆಗಿಹೋಗಿದೆ ಎಂದು ಸಮಿತಿಯ ಉಳಿದವರು ಹೇಳಿ ಕಳಿಸಿದರು. ರಘೋತ್ತಮರಾಯರು ಆಗ ಸಮಿತಿಯಲ್ಲಿ ಇರಲಿಲ್ಲ. ರಾಜೇಶ್ವರಿ ಗೆದ್ದಳು ಎಂದು ಫೋನಿನಲ್ಲಿ ಸುದ್ದಿ ಬಂದದ್ದು ಒಂದು ಭಾನುವಾರ. ಅದೇ ಭಾನುವಾರ ಬೆಳಗ್ಗೆ ಕರಿಗುಡ್ಡಕ್ಕೆ ಜೆಸಿಬಿ ಬಂದಿತ್ತು.

ಪಟ್ಟಿ ಆಗಲೇ ಬಿಚ್ಚಿ ಒಯ್ದಿದ್ದರು. ಸುಣ್ಣದ ಗೆರೆ ಹಿಡಿದು ಯಂತ್ರ ಮೇಲೆ ಬಂದಾಗ ಹೆಂಗಸರು ತಮ್ಮ ತಮ್ಮ ಗುಂಪೆಗಳ ಮೇಲೆ ಕುಂತಿದ್ದರು. ಗೊಣಗಿದವರೂ ಬಂದಿದ್ದರು. ಬಾಯವ್ವ ತನ್ನ ಗಂಡನ ಗೋರಿಯ ಮೇಲೆ ಕುಂತಿದ್ದಳು, ಕೆಂಪವ್ವ ಅವ್ವನ ಗೋರಿಯ ಮೇಲೆ. ಯಂತ್ರದ ಹಿಂದೆ ನಿಜಗುಣಪ್ಪನ ಆಳುಗಳು, ಅವರ ಹಿಂದೆ ಪೊಲೀಸ್ ಜೀಪು. ಜೀಪಿನಿಂದ ತಾಲೂಕು ಕಚೇರಿಯ ಸಾಹೇಬನೊಬ್ಬ ಇಳಿದ. ಬಿಸಿಲಿಗೆ ಕರವಸ್ತ್ರ ಹಿಡಿದುಕೊಂಡಿದ್ದ.

"ಏಳ್ರಿ. ಇದು ನಿಮ್ಮ ಜಾಗಾ ಅನ್ನಾಕ ಏನೈತಿ ನಿಮ್ಮ ಹತ್ರ?"

ಕೆಂಪವ್ವ ಫೋನು ತೆಗೆದಳು. ಪೂರ್ತಿ ಸದ್ದು ಏರಿಸಿ ಮೇಲೆತ್ತಿ ಹಿಡಿದಳು. ಗುಡ್ಡದ ಮೇಲೆ ರಾಯರ ಒಣಗಿದ ದನಿ ಕೇಳಿಸಿತು. ಈ ಹುಡುಗಿ ಅನರ್ಹಳು ಎಂದಿತು. ಕಾರಣ ಹೇಳಿತು. ಮುಗಿದ ಮೇಲೆ ಅವಳು ಮತ್ತೆ ಹಾಕಿದಳು. ಸಾಹೇಬ ಎರಡನೆಯ ಸಲ ಕೇಳುವಾಗ ನಿಜಗುಣಪ್ಪನ ಆಳುಗಳ ಕಡೆ ನೋಡಿದ, ತನ್ನ ಬೂಟಿನ ಕಡೆ ನೋಡಿದ, ಬೂಟಿನ ಕೆಳಗಿದ್ದ ಕಲ್ಲನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

"ನಾ ಮ್ಯಾಲಿನವರನ್ನ ಕೇಳಬೇಕಾಕ್ಕೈತಿ" ಎಂದ. 

ಫೋನು ಕಿವಿಗಿಟ್ಟುಕೊಂಡು ಜೀಪಿನ ಆಚೆ ಬದಿಗೆ ಹೋದ.

ಹೊತ್ತು ಏರಿತು. ಸಾಹೇಬ ತಿರುಗಿ ಬರಲಿಲ್ಲ. ಜೆಸಿಬಿ ಡ್ರೈವರ್ ಎಂಜಿನ್ ಆರಿಸಲಿಲ್ಲ, ಹೆಂಗಸರು ಏಳಲಿಲ್ಲ.